ಹಡಗಿನಿಂದ ಇಳಿದ ಮೇಲೂ ಬಸ್ಸಿದೆ, ಊಟವಿದೆ

ಮಾನ್ಯ ಸಂಪಾದಕರೇ,

ನಿಮ್ಮ ಪ್ರವಾಸ ಪುರವಣಿಯಲ್ಲಿ ಬಂದ ಕೆರಿಬಿಯನ್ ಕ್ರೂಸ್ ಲೇಖನ ಓದಿದೆ. ಹಡಗಿನ ಈಜುಕೊಳ, ಹಡಗಿನ ಬಫೆ, ರಾತ್ರಿಯ ಷೋ ಎಲ್ಲವೂ ವಿವರವಾಗಿ ಇತ್ತು. ದ್ವೀಪಗಳಿಗೆ ಸಿಕ್ಕಿದ್ದು ಮಾತ್ರ ಎರಡು ಸಾಲು. ಬಂದರಿನಿಂದ ಆಚೆ ಹೋಗುವುದಿದ್ದರೆ ಹಡಗಿನವರ ಟೂರನ್ನೇ ತೆಗೆದುಕೊಳ್ಳಿ, ಸಸ್ಯಾಹಾರಿಗಳು ಊಟಕ್ಕೆ ಹಡಗಿಗೇ ವಾಪಸ್ ಬನ್ನಿ, ಅಷ್ಟೇ. ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ. ಅಷ್ಟು ದುಡ್ಡು ಸುರಿದು ಅಷ್ಟು ದೂರ ಹೋಗಿ, ಮಧ್ಯಾಹ್ನದ ಹೊತ್ತಿಗೆ ಮತ್ತೆ ಅದೇ ಬಫೆಯ ಸಾಲಿನಲ್ಲಿ ನಿಲ್ಲುವುದಾದರೆ ದ್ವೀಪಕ್ಕೆ ಯಾಕೆ ಹೋಗಬೇಕು?

ನಾನು ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು. ಮಗಳು, ಅಳಿಯ ಅಮೆರಿಕದಲ್ಲಿದ್ದಾರೆ. ಅವರೇ ನನ್ನನ್ನೂ ನಮ್ಮ ಯಜಮಾನರನ್ನೂ ಕ್ರೂಸಿಗೆ ಕರೆದುಕೊಂಡು ಹೋದರು. ನಾವಿಬ್ಬರೂ ಮೊಟ್ಟೆಯನ್ನೂ ಮುಟ್ಟದವರು. ಅವರಿಬ್ಬರು ಮೀನು ತಿನ್ನುತ್ತಾರೆ. ಅಂದರೆ ಊಟದ ವಿಷಯದಲ್ಲಿ ನಮ್ಮದು ಎರಡು ಪಕ್ಷದ ಕುಟುಂಬ. ಆದರೂ ಯಾರೂ ಹಸಿದುಕೊಂಡು ಬರಲಿಲ್ಲ.

ಬಾರ್ಬಡೋಸನ್ನೇ ತೆಗೆದುಕೊಳ್ಳಿ. ಹಡಗು ಅದರ ರಾಜಧಾನಿ ಬ್ರಿಜ್‌ಟೌನ್ ಬಂದರಿನಲ್ಲಿ ನಿಲ್ಲುತ್ತದೆ. ಟರ್ಮಿನಲ್ ಒಳಗೇ ಸಾಲು ಅಂಗಡಿಗಳು. ಎಷ್ಟೋ ಜನ ಅಲ್ಲೇ ಟೀ ಶರ್ಟ್ ಕೊಂಡು, ಅಲ್ಲೇ ಫೋಟೋ ತೆಗೆಸಿಕೊಂಡು ಹಡಗು ಹತ್ತಿಬಿಡುತ್ತಾರೆ. ಹೊರಗೆ ಬಂದರೆ ಟ್ಯಾಕ್ಸಿಯವರು. ಅಲ್ಲಿ ಟ್ಯಾಕ್ಸಿಯ ನಂಬರ್ ಪ್ಲೇಟ್ 'ಜೆಡ್' ಅಕ್ಷರದಿಂದ ಶುರುವಾಗುತ್ತದೆ. ಮೀಟರ್ ಇರುವುದಿಲ್ಲ. ಹತ್ತುವ ಮುಂಚೆ ದರ ಕೇಳಬೇಕು. ದರ ಹೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಬೇಕು: ಯಾವ ಡಾಲರ್? ಬಾರ್ಬಡೋಸಿಗೆ ತನ್ನದೇ ಡಾಲರ್ ಇದೆ, ಅಂಥ ಎರಡು ಕೊಟ್ಟರೆ ಅಮೆರಿಕದ ಒಂದು ಡಾಲರ್. 1975ರಿಂದ ಈ ಲೆಕ್ಕ ಬದಲಾಗಿಲ್ಲ. ಬರೀ "ಮೂವತ್ತು ಡಾಲರ್" ಅಂದರೆ ಅದು ಅಮೆರಿಕದ ಮೂವತ್ತೂ ಆಗಬಹುದು, ಹದಿನೈದೂ ಆಗಬಹುದು. ಕ್ಯಾಶಿನಲ್ಲಿ ಕೂತವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಆದರೆ ನಿಮ್ಮ ಲೇಖನ ಹೇಳಬೇಕಿತ್ತು.

ನಾವು ಟ್ಯಾಕ್ಸಿ ಹತ್ತಲೇ ಇಲ್ಲ. ಬಂದರಿನಿಂದ ಊರಿನ ನಡುಭಾಗಕ್ಕೆ ಆರಾಮಾಗಿ ನಡೆದರೆ ಇಪ್ಪತ್ತು ನಿಮಿಷದ ಆಜುಬಾಜು. ಬಿಸಿಲಿಗೆ ಟೋಪಿ ಇದ್ದರೆ ಸಾಕು. ಹಾದಿಯಿಂದ ಸ್ವಲ್ಪ ಒಳಗೆ ತಿರುಗಿದರೆ ಕೆನ್ಸಿಂಗ್ಟನ್ ಓವಲ್ ಮೈದಾನ. 2024ರ ಜೂನ್ 29ರಂದು ನಮ್ಮವರು ದಕ್ಷಿಣ ಆಫ್ರಿಕಾವನ್ನು 7 ರನ್‌ಗಳಿಂದ ಸೋಲಿಸಿ ಟಿ20 ವಿಶ್ವಕಪ್ ಎತ್ತಿದ್ದು ಅಲ್ಲೇ. ನಮ್ಮ ರಾಹುಲ್ ದ್ರಾವಿಡ್ ಕೋಚ್ ಆಗಿದ್ದ ಕೊನೆಯ ಪಂದ್ಯ ಅದು. ಹೊರಗೆ ಆ ಊರಿನವರೇ ಆದ ಹಳೆಯ ಕ್ರಿಕೆಟ್ ದಿಗ್ಗಜ ಗ್ಯಾರಿ ಸೋಬರ್ಸ್ ಪ್ರತಿಮೆ ಇದೆ. ಯಜಮಾನರು ಅದರ ಮುಂದೆ ನಿಂತವರು ಕದಲಲೇ ಇಲ್ಲ. ಫೈನಲ್ಲಿನ ಕೊನೆಯ ಓವರಿನಲ್ಲಿ ಸೂರ್ಯಕುಮಾರ್ ಯಾದವ್ ಆ ಕ್ಯಾಚ್ ಹಿಡಿದದ್ದು ಯಾವ ಕಡೆಯ ಬೌಂಡರಿಯಲ್ಲಿ ಅಂತ ಗೇಟಿನ ಕಾವಲುಗಾರನ ಜೊತೆ ಚರ್ಚೆ ಬೇರೆ. ನಿಮ್ಮ ಲೇಖನದಲ್ಲಿ ಈ ಮೈದಾನದ ಹೆಸರೇ ಇಲ್ಲ. ಹಡಗಿನ ಕ್ಯಾಸಿನೋಗೆ ಮಾತ್ರ ಒಂದು ಪ್ಯಾರಾ ಇದೆ!

ಊರೊಳಗೆ ನೋಡುವುದೆಲ್ಲ ಹತ್ತಿರ ಹತ್ತಿರ. ದೋಣಿಗಳು ನಿಲ್ಲುವ ಕರೀನೇಜ್, ಅದರ ಮೇಲಿನ ಚೇಂಬರ್ಲಿನ್ ಸೇತುವೆ, ಪಾರ್ಲಿಮೆಂಟ್ ಕಟ್ಟಡ. ಎದುರಿನ ಚೌಕದಲ್ಲಿ 1813ರಿಂದ ನಿಂತಿದ್ದ ಬ್ರಿಟಿಷ್ ಸೇನಾನಿ ನೆಲ್ಸನ್ ಪ್ರತಿಮೆಯನ್ನು 2020ರ ನವೆಂಬರಿನಲ್ಲಿ ಇಳಿಸಿದರು. ಮರುವರ್ಷ ದೇಶ ಗಣರಾಜ್ಯವಾಯಿತು.

ಇನ್ನು ಬಸ್ಸು. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಕ್ಷಮಿಸಿ. ಅಲ್ಲಿ ಮೂರು ಬಗೆ. ನೀಲಿ ಬಣ್ಣಕ್ಕೆ ಹಳದಿ ಪಟ್ಟಿ ಇದ್ದರೆ ಸರ್ಕಾರದ ದೊಡ್ಡ ಬಸ್ಸು. ಹಳದಿ ಬಣ್ಣಕ್ಕೆ ನೀಲಿ ಪಟ್ಟಿ ಇದ್ದರೆ ಖಾಸಗಿ ಮಿನಿಬಸ್ಸು. ಬಿಳಿ ಬಣ್ಣಕ್ಕೆ ಕಡುಗೆಂಪು ಪಟ್ಟಿಯ ವ್ಯಾನ್ ಬಂದರೆ ಅದು 'ಜೆಡ್ ಆರ್'. ನಂಬರ್ ಪ್ಲೇಟಿನಲ್ಲಿ ಆ ಎರಡು ಅಕ್ಷರ ಇರುವುದರಿಂದ ಎಲ್ಲರೂ ಹಾಗೇ ಕರೆಯುತ್ತಾರೆ. ನಾವು ಹೋದಾಗ ಮೂರಕ್ಕೂ ಒಂದೇ ದರ, ತಲೆಗೆ ಮೂರೂವರೆ ಬಾರ್ಬಡೋಸ್ ಡಾಲರ್. ಎಲ್ಲಿ ಹತ್ತಿ ಎಲ್ಲಿ ಇಳಿದರೂ ಅಷ್ಟೇ. ನಾಲ್ಕು ಜನ ಹೋಗಿ ಬರಲು ಇಪ್ಪತ್ತೆಂಟು, ಅಂದರೆ ಅಮೆರಿಕದ ಹದಿನಾಲ್ಕು ಡಾಲರ್. ಹಡಗಿನ ಟೂರ್ ಪಟ್ಟಿಯಲ್ಲಿ ಆ ದುಡ್ಡಿಗೆ ಒಬ್ಬರಿಗೂ ಸೀಟು ಸಿಗುವುದಿಲ್ಲ. ಸರ್ಕಾರಿ ಬಸ್ಸಿನಲ್ಲಿ ಚಿಲ್ಲರೆ ವಾಪಸ್ ಕೊಡುವುದಿಲ್ಲ, ಸರಿಯಾದ ದುಡ್ಡು ಕೈಯಲ್ಲೇ ಇರಬೇಕು. ವ್ಯಾನಿನಲ್ಲಿ ಚಿಲ್ಲರೆ ಕೊಡುತ್ತಾರೆ.

ಸ್ಟಾಪಿನ ಬೋರ್ಡ್ ಮೇಲೆ ಎರಡೇ ಬಗೆಯ ಬರಹ. 'ಟು ಸಿಟಿ' ಅಂದರೆ ಬ್ರಿಜ್‌ಟೌನ್ ಕಡೆಗೆ, 'ಔಟ್ ಆಫ್ ಸಿಟಿ' ಅಂದರೆ ಊರಾಚೆಗೆ. ಇಷ್ಟು ಗೊತ್ತಿದ್ದರೆ ಸಾಕು, ದಾರಿ ತಪ್ಪುವ ಮಾತೇ ಇಲ್ಲ. ವಾಹನಗಳು ಎಡಗಡೆಯೇ ಓಡುವುದರಿಂದ ಯಾವ ಬದಿಗೆ ನಿಲ್ಲಬೇಕು ಅಂತಲೂ ನಮಗೆ ಗೊಂದಲವಿಲ್ಲ.

ನಾವು ಹತ್ತಿದ್ದು ಹನ್ನೊಂದನೇ ನಂಬರಿನ ವ್ಯಾನ್. ದಕ್ಷಿಣದ ಕರಾವಳಿ ಹಿಡಿದು ಹೇಸ್ಟಿಂಗ್ಸ್, ವರ್ದಿಂಗ್ ದಾಟಿ ಆಯ್ಸ್ಟಿನ್ಸ್ ಎಂಬ ಮೀನುಗಾರರ ಊರಿನ ಮೇಲೆ ಹೋಗುತ್ತದೆ. ಕಂಡಕ್ಟರ್ ಹುಡುಗ ಬಾಗಿಲಲ್ಲಿ ಜೋತುಬಿದ್ದುಕೊಂಡೇ ಜನರನ್ನು ಕೂಗಿ ಕರೆಯುತ್ತಿದ್ದ. ಇನ್ನು ಜಾಗವಿಲ್ಲ ಅಂತ ನಾವು ಅಂದುಕೊಂಡ ಮೇಲೂ ಮೂವರು ಹತ್ತಿದರು. ನನ್ನ ಪಕ್ಕದ ಮಡಿಚುವ ಸೀಟನ್ನು ಬಿಡಿಸಿ ಒಬ್ಬ ಶಾಲಾ ಹುಡುಗಿಯನ್ನು ಕೂರಿಸಿದ. ಅವಳು ಕೂರುವ ಮುಂಚೆ ಇಡೀ ವ್ಯಾನಿಗೆ ಕೇಳುವಂತೆ "ಗುಡ್ ಮಾರ್ನಿಂಗ್" ಅಂದಳು. ಎಲ್ಲರೂ ತಿರುಗಿ ಅಂದರು. ಅಲ್ಲಿ ಅದು ರೂಢಿ. ಬಸ್ಸು ಹತ್ತಲಿ, ಅಂಗಡಿಗೆ ಹೋಗಲಿ, ಮೊದಲು ಗುಡ್ ಮಾರ್ನಿಂಗ್, ಆಮೇಲೆ ವ್ಯವಹಾರ. ನೇರ "ಎಷ್ಟು?" ಅಂತ ಕೇಳಿದವರಿಗೆ ಉತ್ತರ ಸ್ವಲ್ಪ ತಣ್ಣಗೇ ಬರುತ್ತದೆ. ಹಾಡಿನ ಸದ್ದು ಮಾತ್ರ ಜೋರೋ ಜೋರು, ವ್ಯಾನಿನ ತಗಡು ಅದುರುತ್ತಿತ್ತು. ಯಜಮಾನರು ಕಿವಿ ಮುಚ್ಚಿಕೊಂಡು ಕೂತಿದ್ದರು. ನನಗೆ ಖುಷಿಯಾಗಿತ್ತು.

ಆಯ್ಸ್ಟಿನ್ಸಿನಲ್ಲಿ ಶುಕ್ರವಾರ ರಾತ್ರಿಯ ಮೀನಿನ ಸಂತೆ ತುಂಬಾ ಹೆಸರುವಾಸಿ. ಆದರೆ ಹಡಗುಗಳು ಸಾಮಾನ್ಯವಾಗಿ ಸಂಜೆಯೇ ಹೊರಡುವುದರಿಂದ ನಮ್ಮಂಥವರಿಗೆ ಅದು ಸಿಗುವುದು ಕಷ್ಟ. ಹಗಲಲ್ಲೂ ಕೆಲವು ಅಂಗಡಿ ತೆರೆದಿರುತ್ತವೆ. ಅಳಿಯಂದಿರು ಹಾರುಮೀನು ತಿಂದರು. ಅದರ ಜೊತೆ ಕೂಕೂ ಅಂತ ಕೊಡುತ್ತಾರೆ. ಮೆಕ್ಕೆಜೋಳದ ಹಿಟ್ಟಿಗೆ ಬೆಂಡೆಕಾಯಿ ಹಾಕಿ ಕೋಲಿನಿಂದ ತಿರುವಿ ತಿರುವಿ ಮಾಡಿದ್ದು, ನೋಡಲು ಥೇಟ್ ನಮ್ಮ ಮುದ್ದೆ. ಹಾರುಮೀನು, ಕೂಕೂ ಸೇರಿದರೆ ಆ ದೇಶದ ರಾಷ್ಟ್ರೀಯ ಊಟವಂತೆ.

ಸಸ್ಯಾಹಾರಿಗಳಿಗೆ ಏನು ಅಂತ ಕೇಳುತ್ತೀರಿ, ಅಲ್ವಾ? ರೊಟ್ಟಿ ಇದೆ ಸ್ವಾಮೀ. ಬೋರ್ಡಿನ ಮೇಲೆ 'ರೋಟಿ' ಅಂತಲೇ ಬರೆದಿರುತ್ತಾರೆ. ಅಗಲವಾದ ಮೆತ್ತನೆಯ ರೊಟ್ಟಿಯೊಳಗೆ ಆಲೂಗಡ್ಡೆ, ಕಡಲೆಕಾಳಿನ ಗಟ್ಟಿ ಪಲ್ಯ ಇಟ್ಟು ಚೌಕವಾಗಿ ಮಡಿಚಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. 1845ರಿಂದ ಕಬ್ಬಿನ ತೋಟದ ಕೂಲಿಗೆ ಟ್ರಿನಿಡಾಡಿಗೆ ಹೋದ ಭಾರತೀಯರ ಅಡುಗೆ ಅದು. ಅಲ್ಲಿಂದ ದ್ವೀಪ ದ್ವೀಪಕ್ಕೆ ಹರಡಿದೆ. ಒಬ್ಬರಿಗೆ ಒಂದು ಬೇಕಾದಷ್ಟಾಯಿತು. ಮೇಜಿನ ಮೇಲಿನ ಹಳದಿ ಖಾರದ ಸಾಸ್ ಬಾಟಲಿಯನ್ನು ಮಾತ್ರ ಹುಷಾರಾಗಿ ಬಗ್ಗಿಸಿ. ಸಾಸಿವೆ, ಅರಿಶಿನ ಹಾಕಿದ ಬಣ್ಣ ನೋಡಿ ಸಾಧು ಅಂದುಕೊಳ್ಳಬೇಡಿ, ಒಳಗಿರುವುದು ಸ್ಕಾಚ್ ಬಾನೆಟ್ ಮೆಣಸಿನಕಾಯಿ.

ಅನ್ನದ ವಿಷಯದಲ್ಲಿ ಮಾತ್ರ ಕೇಳಿಯೇ ತಿನ್ನಬೇಕು. ಅನ್ನದ ಜೊತೆ ತೊಗರಿಕಾಳು ಬೇಯಿಸುತ್ತಾರೆ, ನೋಡಿದರೆ ಪಕ್ಕಾ ಸಸ್ಯಾಹಾರ. ನಾನು ಒಂದು ಅಂಗಡಿಯ ಅಡುಗೆಯಮ್ಮನನ್ನು ಮಾಂಸ ಹಾಕಿದ್ದೀರಾ ಅಂತ ಕೇಳಿದೆ. "ಇಲ್ಲಮ್ಮಾ, ಮಾಂಸ ಇಲ್ಲ" ಅಂದರು. ಸೌಟು ತಿರುಗಿಸುತ್ತಾ "ರುಚಿಗೆ ಸ್ವಲ್ಪ ಹಂದಿಬಾಲ, ಅಷ್ಟೇ" ಅಂತ ಸೇರಿಸಿದರು! ಅವರ ಲೆಕ್ಕದಲ್ಲಿ ಅದು ಒಗ್ಗರಣೆ. ನನ್ನ ಮುಖ ನೋಡಿ ಅವರೇ ನಕ್ಕು, ಕರಿದ ಬಾಳೆ, ಕೋಸಿನ ಸಲಾಡ್ ಬಡಿಸಿಕೊಟ್ಟರು. ಹಾಗಾಗಿ ಬರೀ "ವೆಜಿಟೇರಿಯನ್" ಅಂದರೆ ಸಾಲದು. ಮೀನಿಲ್ಲ, ಕೋಳಿಯಿಲ್ಲ, ಹಂದಿಯಿಲ್ಲ, ಮೊಟ್ಟೆಯಿಲ್ಲ ಅಂತ ಒಂದೊಂದಾಗಿ ಹೇಳಬೇಕು. ಮ್ಯಾಕರೋನಿ ಪೈ ಅಂತ ಚೀಸ್ ಹಾಕಿ ಬೇಯಿಸಿದ್ದು ಎಲ್ಲ ಕಡೆ ಸಿಗುತ್ತದೆ, ಅದರಲ್ಲಿ ಕೆಲವರು ಮೊಟ್ಟೆ ಹಾಕುತ್ತಾರೆ. 'ಐಟಲ್' ಅಂತ ಬೋರ್ಡ್ ಕಂಡರೆ ಧೈರ್ಯವಾಗಿ ಒಳಗೆ ಹೋಗಿ. ಅದು ರಾಸ್ತಾಫಾರಿ ಪಂಥದವರ ಅಡುಗೆ. ಮಾಂಸ ಹಾಕುವುದಿಲ್ಲ, ಉಪ್ಪನ್ನೂ ಎಷ್ಟೋ ಸಲ ಹಾಕುವುದಿಲ್ಲ. ತೆಂಗಿನ ಹಾಲು, ಗೆಡ್ಡೆ ಗೆಣಸು, ಕಾಳು ಜಾಸ್ತಿ.

ಹಡಗಿನ ಬಫೆಯಿಂದ ಹಣ್ಣು ಕಟ್ಟಿಕೊಂಡು ಇಳಿಯುವ ಅಭ್ಯಾಸ ನಮ್ಮವರಲ್ಲಿ ಬಹಳ. ದಯವಿಟ್ಟು ಬೇಡ. ಹಣ್ಣು ತರಬಾರದು ಅಂತ ಈ ದ್ವೀಪಗಳಲ್ಲಿ ಕೃಷಿ ಇಲಾಖೆಯ ನಿಯಮವಿರುತ್ತದೆ. ಹಾಗೆಯೇ ಸೈನಿಕರ ಸಮವಸ್ತ್ರದ ಚುಕ್ಕೆ ಬಣ್ಣದ ಬಟ್ಟೆ ಹಾಕಬೇಡಿ. ಬಾರ್ಬಡೋಸಿನಲ್ಲಿ ಜನಸಾಮಾನ್ಯರು ಅದನ್ನು ಹಾಕುವುದು ಕಾನೂನಿಗೆ ವಿರುದ್ಧ, ಮಕ್ಕಳಿಗೂ ರಿಯಾಯಿತಿ ಇಲ್ಲ. ಕಡಲ ತೀರದಲ್ಲಿ ಕೆಂಪು ಪಟ್ಟಿ ಬಳಿದ ಮರ ಕಂಡರೆ ದೂರ ಇರಿ. ಮ್ಯಾಂಚಿನೀಲ್ ಅಂತ. ಪುಟ್ಟ ಸೇಬಿನಂಥ ಅದರ ಹಣ್ಣು ವಿಷ. ಮಳೆ ಬಂತು ಅಂತ ಅದರ ಕೆಳಗೆ ನಿಂತರೂ ಮೈ ಬೊಬ್ಬೆ ಏಳುತ್ತದೆ.

ಹಡಗಿನ ಟೂರೇ ಬೇಡ ಅಂತ ನಾನು ಹೇಳುತ್ತಿಲ್ಲ. ಸೇಂಟ್ ಲೂಸಿಯಾದಲ್ಲಿ ನಾವೇ ತೆಗೆದುಕೊಂಡೆವು. ಅಲ್ಲಿ ಹಡಗು ನಿಲ್ಲುವುದು ಕ್ಯಾಸ್ಟ್ರೀಸಿನಲ್ಲಿ. ಎಲ್ಲರೂ ನೋಡಬೇಕೆನ್ನುವ ಪಿಟನ್ ಬೆಟ್ಟಗಳು ಇರುವುದು ಸೂಫ್ರಿಯೇರ್ ಹತ್ತಿರ. ತಿರುವು ಮುರುವಿನ ಘಾಟಿ ರಸ್ತೆ, ಹೋಗಲು ಒಂದು ಗಂಟೆಗೆ ಮೇಲೆ, ಬರಲು ಅಷ್ಟೇ. ದಾರಿಯಲ್ಲಿ ಮರ ಬಿದ್ದರೂ ಸಾಕು, ಹಡಗು ತಪ್ಪಿತು. ಹಡಗಿನವರ ಟೂರ್ ತಡವಾದರೆ ಹಡಗು ಕಾಯುತ್ತದೆ. ನೀವೇ ಹೋಗಿ ತಡವಾದರೆ ಕಾಯುವುದಿಲ್ಲ, ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲಿ ವಿಮಾನ. ಟೂರಿನ ಗೈಡ್ ನಮ್ಮನ್ನು ಒಂದು ಅಂಗಡಿಯಲ್ಲಿ ಬಹಳ ಹೊತ್ತು ಕೂಡಿಹಾಕಿದ, ಬೆಟ್ಟದ ಮುಂದೆ ನಿಲ್ಲಿಸಿದ್ದು ಫೋಟೋ ತೆಗೆಯುವಷ್ಟು ಹೊತ್ತು. ಅದು ಬೇರೆ ಮಾತು.

ಸೇಂಟ್ ಮಾರ್ಟನ್ನಿನಲ್ಲಿ ದೂರ ಕಡಿಮೆ, ಟ್ರಾಫಿಕ್ ಜಾಸ್ತಿ. 1648ರ ಒಪ್ಪಂದದ ಪ್ರಕಾರ ದ್ವೀಪದ ಒಂದು ಭಾಗ ಫ್ರೆಂಚರದು, ಇನ್ನೊಂದು ಡಚ್ಚರದು. ಗಡಿಯಲ್ಲಿ ತಪಾಸಣೆ ಇಲ್ಲ, ಬೋರ್ಡ್ ಮಾತ್ರ. ಫ್ರೆಂಚ್ ಕಡೆಯ ಗ್ರ್ಯಾಂಡ್ ಕೇಸ್ ಊರಿನಲ್ಲಿ 'ಲೋಲೋ' ಅನ್ನುವ ಕೆಂಡದ ಅಡುಗೆಯ ಅಂಗಡಿಗಳಿವೆ. ಮಾಂಸ, ಮೀನು ತಿನ್ನುವವರಿಗೆ ಅದು ಸ್ವರ್ಗ, ನಮಗೆ ಬಾಳೆ ಮತ್ತು ಕರಿದ ರೊಟ್ಟಿ. ಅಲ್ಲಿ ಬೆಲೆ ಯೂರೋದಲ್ಲಿ ಇರುತ್ತದೆ. ಕೆಲವರು ಯೂರೋ ಬದಲು ಅಷ್ಟೇ ಡಾಲರ್ ತೆಗೆದುಕೊಳ್ಳುತ್ತಾರೆ, ಕೇಳಿ ನೋಡಿ, ಲಾಭ ನಿಮ್ಮದು. ಕೇಮನ್ ದ್ವೀಪದಲ್ಲಿ ಇದು ಉಲ್ಟಾ. ಅಲ್ಲಿನ ಒಂದು ಡಾಲರ್ ಸರ್ಕಾರಿ ಲೆಕ್ಕದಲ್ಲಿ ಅಮೆರಿಕದ 1.20 ಡಾಲರಿಗೆ ಸಮ, ಅಂಗಡಿ ಹೋಟೆಲುಗಳಲ್ಲಿ ಸಾಮಾನ್ಯವಾಗಿ 1.25ರ ಲೆಕ್ಕ. ಮೆನುವಿನಲ್ಲಿ ಹತ್ತು ಅಂತ ಕಂಡದ್ದು ಅಮೆರಿಕದ ಡಾಲರಿನಲ್ಲಿ ಕೊಡುವಾಗ ಹನ್ನೆರಡೂವರೆ ಆಗುತ್ತದೆ. ಬಿಲ್ಲಿನಲ್ಲಿ ಸರ್ವೀಸ್ ಚಾರ್ಜ್ ಸೇರಿದೆಯೇ ಅಂತ ನೋಡಿಕೊಂಡು ಆಮೇಲೆ ಟಿಪ್ಸ್ ಕೊಡಿ.

ಸಮಯದ ವಿಷಯ ಒಂದಿದೆ. ಬಾರ್ಬಡೋಸ್, ಸೇಂಟ್ ಲೂಸಿಯಾ, ಸೇಂಟ್ ಮಾರ್ಟನ್ ಚಳಿಗಾಲದಲ್ಲಿ ಮಯಾಮಿಗಿಂತ ಒಂದು ಗಂಟೆ ಮುಂದೆ. ಕೆಲವು ಹಡಗು ತನ್ನ ಗಡಿಯಾರ ಬದಲಿಸುತ್ತದೆ, ಕೆಲವು ಬದಲಿಸುವುದಿಲ್ಲ. ಫೋನು ಮಾತ್ರ ತನ್ನಷ್ಟಕ್ಕೆ ದ್ವೀಪದ ಸಮಯ ತೋರಿಸುತ್ತದೆ. ಹಡಗು ಇಳಿಯುವಾಗ ಬಾಗಿಲ ಹತ್ತಿರ ಹಾಕಿರುವ ಸಮಯ ನೋಡಿ ಕೈಗಡಿಯಾರಕ್ಕೆ ಅದನ್ನೇ ಇಡಬೇಕು. ದಿನದ ಕಾರ್ಯಕ್ರಮದ ಹಾಳೆಯಲ್ಲಿ ಬಂದರಿನ ಏಜೆಂಟರ ಫೋನ್ ನಂಬರ್ ಇರುತ್ತದೆ, ಅದರ ಫೋಟೋ ತೆಗೆದುಕೊಳ್ಳಿ. ನಮ್ಮ ಮಗಳ ಕಾನೂನು ಏನೆಂದರೆ, ಹಡಗು ಹತ್ತಲು ಕೊಟ್ಟ ಕೊನೆಯ ಸಮಯಕ್ಕೆ ಒಂದೂವರೆ ಗಂಟೆ ಮುಂಚೆ ಬಂದರಿನ ಗೇಟು ಕಾಣಬೇಕು. ಬೈದುಕೊಂಡರೂ ಎಲ್ಲರೂ ಪಾಲಿಸಿದೆವು.

ಮುಂದಿನ ಸಲ ಕ್ರೂಸ್ ಬಗ್ಗೆ ಬರೆಸುವಾಗ ಬಫೆಗೆ ಕೊಟ್ಟ ಜಾಗದಲ್ಲಿ ಅರ್ಧವನ್ನಾದರೂ ಬಸ್ಸಿನ ಬಣ್ಣ, ಅಲ್ಲಿನ ದುಡ್ಡು, ಊಟ ಸಿಗುವ ಬೀದಿಗೆ ಕೊಡಿ. ಬರೆಯುವವರು ಸಿಗದಿದ್ದರೆ ಹೇಳಿ ಕಳಿಸಿ. ಖರ್ಚಿನ ಲೆಕ್ಕದ ಪುಸ್ತಕ ನನ್ನ ಹತ್ತಿರ ಇದೆ, ಟಿಕೆಟ್ಟಿನ ಸಮೇತ.

ಇತಿ,
ನಿವೃತ್ತ ಬ್ಯಾಂಕ್ ಕ್ಯಾಷಿಯರ್ ಒಬ್ಬರು