ಚಾರ್ಮಾಡಿ ಇಳಿಯುವ ಮೊದಲು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಗ್ಯಾರೇಜಿನವರು ಕೊಟ್ಟ ಎಸ್ಟಿಮೇಟಿನ ಫೋಟೋ ನೋಡಿದೆ. ಮುಂದಿನ ಎರಡು ಶಾಕ್ ಅಬ್ಸಾರ್ಬರ್, ಚಕ್ರವನ್ನು ಕೆಳಗಿನಿಂದ ಹಿಡಿಯುವ ಎರಡೂ ಕಡೆಯ ಲೋವರ್ ಆರ್ಮ್, ಕಾರು ವಾಲದಂತೆ ತಡೆಯುವ ಕಂಬಿಯ ಲಿಂಕ್ ರಾಡ್, ಕೊನೆಗೆ ವೀಲ್ ಅಲೈನ್‌ಮೆಂಟ್. ಕೆಳಗೆ ನೀನು ಬರೆದಿದ್ದೀಯ, "ಕಾರು ಚೆನ್ನಾಗೇ ಓಡ್ತಿದೆ ಅಮ್ಮಾ, ಬರೀ ಸದ್ದು ಅಷ್ಟೇ. ಧರ್ಮಸ್ಥಳಕ್ಕೆ ಹೋಗಿಬಂದ ಮೇಲೆ ಮಾಡಿಸಿದ್ರೆ ಆಗಲ್ವಾ?" ಅಂತ.

ಆಗಲ್ಲ ಪುಟ್ಟಿ. ಲಿಂಕ್ ರಾಡ್ ಒಂದೇ ಆಗಿದ್ದರೆ ನಿಧಾನಕ್ಕೆ ಹೋಗಿ ಬಾ ಅನ್ನುತ್ತಿದ್ದೆ. ಆದರೆ ಆ ಚೀಟಿಯ ಅಂಚಿನಲ್ಲಿ ಮೆಕ್ಯಾನಿಕ್ ಪೆನ್ನಿನಲ್ಲಿ ಬರೆದಿದ್ದಾನೆ, ಎಡಗಡೆ ಬಾಲ್ ಜಾಯಿಂಟಿನಲ್ಲಿ ಪ್ಲೇ ಇದೆ ಅಂತ. ಅಂದರೆ ಚಕ್ರವನ್ನು ಆರ್ಮಿಗೆ ಜೋಡಿಸುವ ಗುಂಡು-ಬಟ್ಟಲಿನ ಕೀಲು ಸಡಿಲವಾಗಿದೆ. ಆ ಒಂದು ಸಾಲಿಗೇ ಈ ಪತ್ರ. ಫೋನಿನಲ್ಲಿ ಹೇಳಿದರೆ "ಸರಿ ಸರಿ" ಅಂದು ಇಟ್ಟುಬಿಡ್ತೀಯ. ಬರೆದರೆ ಎರಡು ಸಲ ಓದ್ತೀಯ.

ಈ ಭಾಗಗಳೆಲ್ಲ ಸೇರಿದ ಸಸ್ಪೆನ್ಷನ್ ಇರೋದು ಕೂತವರ ಸೊಂಟ ಉಳಿಸೋಕೆ ಅಂತ ನಮ್ಮ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಬರುವವರಲ್ಲಿ ಮುಕ್ಕಾಲು ಜನ ತಿಳಿದಿರುತ್ತಾರೆ. ಅದು ಅದರ ಎರಡನೇ ಕೆಲಸ. ಮೊದಲ ಕೆಲಸ ಟೈರನ್ನು ರಸ್ತೆ ಬಿಡದ ಹಾಗೆ ಒತ್ತಿ ಹಿಡಿಯೋದು. ಒಂದೊಂದು ಟೈರು ನೆಲಕ್ಕೆ ತಾಗುವುದು ಹೆಚ್ಚುಕಡಿಮೆ ಅಂಗೈ ಅಗಲದ ಜಾಗದಲ್ಲಿ. ನೀನು ಬ್ರೇಕ್ ಒತ್ತಿದಾಗ ಕಾರು ನಿಲ್ಲಬೇಕಾದರೂ, ಸ್ಟೀರಿಂಗ್ ತಿರುಗಿಸಿದಾಗ ಕಾರು ತಿರುಗಬೇಕಾದರೂ ಆ ನಾಲ್ಕು ಅಂಗೈ ಜಾಗವೇ ಗತಿ. ಟೈರು ಒಂದು ಗಳಿಗೆ ಮೇಲೆದ್ದರೆ ಆ ಗಳಿಗೆಯ ಮಟ್ಟಿಗೆ ಆ ಚಕ್ರಕ್ಕೆ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ.

ಗುಂಡಿಗೆ ಬಿದ್ದ ಏಟನ್ನು ತಗೊಳ್ಳೋದು ಸ್ಪ್ರಿಂಗ್. ಆದರೆ ಸ್ಪ್ರಿಂಗ್‌ಗೆ ತಾನಾಗಿ ನಿಲ್ಲೋದು ಗೊತ್ತಿಲ್ಲ. ಒಮ್ಮೆ ಒತ್ತಿದರೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಅದನ್ನು ಅಡಗಿಸೋದೇ ಶಾಕ್ ಅಬ್ಸಾರ್ಬರ್. ಅದರೊಳಗೆ ಎಣ್ಣೆ ಇದೆ, ಒಂದು ಪಿಸ್ಟನ್ ಇದೆ, ಪಿಸ್ಟನ್ನಿನಲ್ಲಿ ಸಣ್ಣ ಸಣ್ಣ ತೂತುಗಳಿವೆ. ಎಣ್ಣೆ ಆ ತೂತುಗಳಲ್ಲಿ ನುಗ್ಗಿ ಹೋಗಬೇಕಾದಾಗ ಸ್ಪ್ರಿಂಗಿನ ಆಟದ ಜೋರೆಲ್ಲ ಬಿಸಿಯಾಗಿ ಕಳೆದುಹೋಗುತ್ತದೆ. ಸೀಲ್ ಹೋಗಿ ಎಣ್ಣೆ ಸೋರಿದರೆ, ಒಳಗಿನ ವಾಲ್ವ್ ಸವೆದರೆ, ಹೊರಗಿನಿಂದ ನೋಡಲು ಶಾಕ್ ಇದ್ದ ಹಾಗೇ ಇರುತ್ತದೆ, ಹಿಡಿಯುವ ಕೆಲಸ ಮಾತ್ರ ಮಾಡುವುದಿಲ್ಲ.

ಇದರಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವ ವಿಷಯ ಬೇರೆ ಇದೆ. ಶಾಕ್ ಒಂದೇ ದಿನಕ್ಕೆ ಹಾಳಾಗಲ್ಲ. ದಿನಾ ಒಂದಿಷ್ಟು ಸವೆಯುತ್ತದೆ, ದಿನಾ ಓಡಿಸುವವರ ಕೈಕಾಲು ಅದಕ್ಕೆ ಒಂದಿಷ್ಟು ಹೊಂದಿಕೊಳ್ಳುತ್ತದೆ. ತಿರುವಿನಲ್ಲಿ ಕಾರು ವಾಲಿದರೆ ಗೊತ್ತಿಲ್ಲದೇ ಸ್ಪೀಡ್ ಇಳಿಸ್ತೀಯ. ಬ್ರೇಕ್ ಸ್ವಲ್ಪ ಮೊದಲೇ ಒತ್ತುತ್ತೀಯ. ಹಾಗಾಗಿ "ಚೆನ್ನಾಗೇ ಓಡ್ತಿದೆ" ಅಂತ ನಿನಗೆ ಪ್ರಾಮಾಣಿಕವಾಗಿಯೇ ಅನಿಸುತ್ತದೆ. ಹೊಸ ಶಾಕ್ ಹಾಕಿಸಿಕೊಂಡು ಒಂದು ಸುತ್ತು ಹೋಗಿಬಂದ ಗಿರಾಕಿಗಳು ನಮ್ಮ ಕೌಂಟರಿನ ಮುಂದೆ ನಿಂತು "ಇದು ನನ್ನದೇ ಗಾಡಿನಾ?" ಅಂತ ಕೇಳೋದನ್ನು ನೀನೂ ಕೇಳಿದ್ದೀಯಲ್ಲ. ಎಷ್ಟು ಕೆಟ್ಟಿತ್ತು ಅಂತ ಅವರಿಗೆ ಗೊತ್ತಾಗೋದು ಸರಿಯಾದ ಮೇಲೆಯೇ.

ಬೆಂಗಳೂರಿನ ಟ್ರಾಫಿಕ್‌ನಲ್ಲಿ, ಇಪ್ಪತ್ತು ಮೂವತ್ತರ ಸ್ಪೀಡಿನಲ್ಲಿ, ಈ ಹೊಂದಿಕೆ ನಡೆದುಹೋಗುತ್ತದೆ. ನೆಲಮಂಗಲ ದಾಟಿ ಹಾಸನದ ಹೈವೇಗೆ ಬಿದ್ದ ಮೇಲೆ ನಡೆಯಲ್ಲ. 80ರಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಎದುರಿಗೆ ದನ ಬಂತು, ಬ್ರೇಕ್ ಒತ್ತಿದೆ ಅಂದುಕೋ. ಮುಂಭಾಗ ಮುಗ್ಗರಿಸಿದ ಹಾಗೆ ಕೆಳಗೆ ಹೋಗುತ್ತದೆ, ಹಿಂಭಾಗ ಏಳುತ್ತದೆ, ಹಿಂದಿನ ಚಕ್ರಗಳ ಮೇಲಿನ ಭಾರ ಹಗುರಾಗುತ್ತದೆ. ರಸ್ತೆ ಏರುಪೇರಾಗಿದ್ದರೆ ಟೈರು ನೆಲದ ಮೇಲೆ ಪುಟಿಯುತ್ತದೆ. ಪುಟಿದ ಚಕ್ರ ಬೇಗ ಲಾಕ್ ಆಗುತ್ತದೆ, ಅಂದರೆ ತಿರುಗದೆ ಜಾರುತ್ತದೆ. ಲಾಕ್ ಆಗ್ತಿದೆ ಅಂತ ಎಬಿಎಸ್ ಆ ಚಕ್ರದ ಬ್ರೇಕ್ ಸಡಿಲಿಸುತ್ತದೆ. ಎಬಿಎಸ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ, ಆದರೆ ಕಾರು ಇನ್ನೂ ಮುಂದೆ ಹೋಗಿ ನಿಂತಿದೆ. ಬ್ರೇಕ್ ಪ್ಯಾಡ್ ಹೊಸದಿದೆ ಅನ್ನೋ ಧೈರ್ಯ ಇಲ್ಲಿ ಸಾಲದು.

ಇನ್ನು ಚಾರ್ಮಾಡಿ. ಕೊಟ್ಟಿಗೆಹಾರ ದಾಟಿದ ಮೇಲೆ ತಿರುವು ಮುಗಿಯಿತು ಅನ್ನೋಷ್ಟರಲ್ಲಿ ಇನ್ನೊಂದು ತಿರುವು. ಮಳೆ, ಮಂಜು, ಒಂದು ಪಕ್ಕಕ್ಕೆ ಕಣಿವೆ. ಬಲಕ್ಕೆ ತಿರುಗಿಸಿದರೆ ಕಾರಿನ ಭಾರವೆಲ್ಲ ಎಡಗಡೆ ಮುಂಚಕ್ರದ ಮೇಲೆ ಬೀಳುತ್ತದೆ. ಅದೇ ಹೊತ್ತಿಗೆ ತಿರುವಿನ ಮಧ್ಯ ಒಂದು ಗುಂಡಿ ಸಿಕ್ಕಿತು ಅಂದರೆ, ಗಟ್ಟಿ ಶಾಕ್ ಇರುವ ಕಾರು ಒಮ್ಮೆ ಕುಲುಕಿ ತನ್ನ ಸಾಲು ಹಿಡಿಯುತ್ತದೆ. ಶಾಕ್ ಸತ್ತ ಕಾರು ಹೊರಗಡೆಗೆ ಜಾರುತ್ತದೆ. ನೀನು ಗಾಬರಿಯಲ್ಲಿ ಮತ್ತಷ್ಟು ಸ್ಟೀರಿಂಗ್ ಎಳೀತೀಯ. ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿ ತುಂಬ ಬ್ಯಾಗು. ಒಬ್ಬಳೇ ಆಫೀಸಿಗೆ ಹೋಗುವಾಗ ತೋರದ ದೋಷ ಭಾರ ತುಂಬಿದ ದಿನ ತೋರುತ್ತದೆ.

ಈಗ ಆ ಬಾಲ್ ಜಾಯಿಂಟಿನ ವಿಷಯ. ಗ್ಯಾರೇಜಿನ ಹುಡುಗರು ಹೊಸದು ಕೊಳ್ಳಲು ಬರುವಾಗ ಹಳೆಯದನ್ನು ಸ್ಯಾಂಪಲ್ ಅಂತ ತಂದು ಕೌಂಟರಿನ ಮೇಲೆ ಇಡುತ್ತಾರಲ್ಲ, ಹೋದ ವಾರವೂ ಒಂದು ಬಂದಿತ್ತು. ಕೀಲನ್ನು ಮುಚ್ಚುವ ಕರಿ ರಬ್ಬರ್ ಬೂಟು ಅರ್ಧ ಸುತ್ತು ಹರಿದಿತ್ತು. ಒಳಗಿನ ಗ್ರೀಸು ಕೆಂಪು ಮಣ್ಣಿನ ಜೊತೆ ಸೇರಿ ಗಟ್ಟಿಯಾಗಿತ್ತು. ಹೊಸ ಜಾಯಿಂಟಿನ ಪಿನ್ನನ್ನು ಬೆರಳಲ್ಲಿ ಅಲ್ಲಾಡಿಸಲು ಕಷ್ಟ, ಅಷ್ಟು ಬಿಗಿ. ಇದು ಕೈಗೆತ್ತಿಕೊಂಡರೆ ಸಾಕು, ತಾನೇ ಜೋತುಬಿದ್ದು ಟಕ್ ಟಕ್ ಅನ್ನುತ್ತಿತ್ತು. ಬೂಟು ಹರಿದ ದಿನವೇ ಅದರ ಆಯಸ್ಸು ಮುಗಿಯತೊಡಗಿತ್ತು. ನೀರು ಹೋಯಿತು, ಮಣ್ಣು ಹೋಯಿತು, ಗುಂಡು ತಿರುಗಿ ತಿರುಗಿ ತನ್ನ ಬಟ್ಟಲನ್ನು ತಾನೇ ಉಜ್ಜಿ ಅಗಲ ಮಾಡಿತು.

ನಿನ್ನಂಥ ಸಣ್ಣ ಕಾರುಗಳ ಮುಂಚಕ್ರಕ್ಕೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ್ದು. ಸ್ಪ್ರಿಂಗು ಶಾಕು ಒಂದೇ ಕಂಬದಲ್ಲಿ ಕೂತು ಚಕ್ರವನ್ನು ಮೇಲಿನಿಂದ ಹಿಡಿಯುತ್ತವೆ. ಕೆಳಗಿನಿಂದ ಹಿಡಿಯೋದು ಲೋವರ್ ಆರ್ಮಿನ ತುದಿಯ ಬಾಲ್ ಜಾಯಿಂಟ್. ಜಾಗ ಉಳಿಯುತ್ತದೆ, ಖರ್ಚು ಕಡಿಮೆ, ಅದಕ್ಕೇ ಲೋಕವೆಲ್ಲ ಅದನ್ನೇ ಹಾಕುತ್ತದೆ. ಆದರೆ ಆ ಗುಂಡು ಬಟ್ಟಲಿನಿಂದ ಕಳಚಿಕೊಂಡರೆ ಚಕ್ರದ ಕೆಳಭಾಗವನ್ನು ಜಾಗದಲ್ಲಿ ನಿಲ್ಲಿಸಲು ಬೇರೇನೂ ಇಲ್ಲ. ಚಕ್ರ ಪಕ್ಕಕ್ಕೆ ಮಲಗುತ್ತದೆ, ಕಾರಿನ ಮೂಲೆ ರಸ್ತೆಗೆ ಕುಸಿಯುತ್ತದೆ. ಸ್ಟೀರಿಂಗ್ ನಿನ್ನ ಕೈಯಲ್ಲೇ ಇರುತ್ತದೆ, ಅದರ ಮಾತು ಆ ಚಕ್ರ ಕೇಳಲ್ಲ. ಹಂಪ್ ಮೇಲೆ ನಿಧಾನಕ್ಕೆ ಹೋಗುವಾಗ ಹೀಗಾದರೆ ಟೋ ಮಾಡಿಸಿಕೊಂಡು ಬರಬಹುದು. ಘಾಟಿಯಲ್ಲಿ ಆದರೆ? ನಾನು ಮುಂದೆ ಬರೆಯಲ್ಲ.

ಅದೇ ಆರ್ಮಿನ ಇನ್ನೊಂದು ತುದಿಯಲ್ಲಿ ಬುಷ್‌ಗಳಿವೆ, ದಪ್ಪ ರಬ್ಬರಿನವು. ಅವು ಸೀಳಿದರೆ ಬ್ರೇಕ್ ಒತ್ತಿದಾಗ ಚಕ್ರ ತುಸು ಹಿಂದಕ್ಕೆ ಸರಿಯುತ್ತದೆ, ಕಾರು ಒಂದು ಕಡೆ ಎಳೆಯುತ್ತದೆ. ಆರು ತಿಂಗಳಿಂದ ಅಲೈನ್‌ಮೆಂಟ್ ಮಾಡಿಸಿದರೂ ನಿಲ್ತಿಲ್ಲ ಅಂತ ನೀನು ಅಂದಿದ್ದೆಯಲ್ಲ, ಕಾರಣ ಇದೇ ಇರಬೇಕು. ಬುಷ್ ಸಡಿಲ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸೋದು ದುಡ್ಡು ದಂಡ.

ಇವತ್ತು ಸಂಜೆ ಪಾರ್ಕಿಂಗಿನಲ್ಲಿ ಒಂದು ಕೆಲಸ ಮಾಡು. ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ಇಂಜಿನ್ ಆಫ್ ಮಾಡಿ, ಮುಂದಿನ ಟೈರಿನ ಮೇಲೆ ಅಂಗೈ ಇಟ್ಟು ಸುತ್ತ ಸವರು. ಒಂದು ಕಡೆ ಉಬ್ಬು ಒಂದು ಕಡೆ ತಗ್ಗು ಅನ್ನಿಸಿದರೆ ಟೈರು ಪುಟಿದು ಪುಟಿದು ಸವೆದಿದೆ, ಶಾಕ್ ಹೋಗಿದೆ. ಒಳಗಿನ ಅಂಚು ಮಾತ್ರ ನುಣ್ಣಗಾಗಿದ್ದರೆ ಚಕ್ರದ ಕೋನ ತಪ್ಪಿದೆ. ಹಾಗೇ ಟಾರ್ಚ್ ಹಿಡಿದು ಶಾಕ್ ಕೊಳವೆ ನೋಡು. ಎಣ್ಣೆ ಇಳಿದು ಧೂಳು ಮೆತ್ತಿಕೊಂಡಿದ್ದರೆ ಬೇರೆ ಸಾಕ್ಷಿ ಬೇಡ. ಬಾನೆಟ್ಟಿನ ಮೂಲೆ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತೆ ಅಂತ ನೋಡುವ ಹಳೇ ಪರೀಕ್ಷೆ ಗೊತ್ತಲ್ಲ, ಅದನ್ನೂ ಮಾಡು, ಆದರೆ ಅದರಲ್ಲಿ ಪಾಸಾಯಿತು ಅಂತ ಸುಮ್ನೆ ಇರಬೇಡ. ಪೂರ್ತಿ ಸತ್ತ ಶಾಕ್ ಮಾತ್ರ ಅದರಲ್ಲಿ ಸಿಕ್ಕಿಬೀಳುತ್ತದೆ, ಅರ್ಧ ಸವೆದದ್ದು ಪಾರಾಗುತ್ತದೆ.

ಬೇರೆ ಯಾರಾದರೂ ನೋಡಿ ಹೇಳ್ತಾರೆ ಅಂತ ಕಾಯುವ ಹಾಗೂ ಇಲ್ಲ. ಹಳದಿ ಬೋರ್ಡಿನ ಗಾಡಿಗೆ ಮೊದಲ 8 ವರ್ಷ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ, ಅಂದರೆ ಗಾಡಿಯ ಫಿಟ್‌ನೆಸ್ ಪರೀಕ್ಷೆ ಇದೆ. ನಮ್ಮ ಬಿಳಿ ಬೋರ್ಡಿಗೆ 15 ವರ್ಷ ತುಂಬಿ ರಿಜಿಸ್ಟ್ರೇಷನ್ ರಿನ್ಯೂ ಮಾಡಿಸುವವರೆಗೆ ಯಾರೂ ಕೆಳಗೆ ಬಗ್ಗಿ ನೋಡಲ್ಲ. ಎಮಿಷನ್ ಟೆಸ್ಟಿನಲ್ಲಿ ನೋಡೋದು ಹೊಗೆ ಮಾತ್ರ. ಇಂಗ್ಲೆಂಡಿನಲ್ಲಿ 3 ವರ್ಷ ತುಂಬಿದ ಕಾರಿಗೆ ವರ್ಷಾ ವರ್ಷಾ ಪರೀಕ್ಷೆ, ಅದರಲ್ಲಿ ಬಾಲ್ ಜಾಯಿಂಟು, ಬುಷ್ಷು, ಶಾಕು ಎಲ್ಲ ನೋಡ್ತಾರೆ. ಇಲ್ಲೂ ಅಂಥದ್ದು ಬರಬೇಕು ಅಂತ ನನ್ನ ಆಸೆ. ನಮ್ಮ ರಸ್ತೆಗೆ ಅದು ಇನ್ನೂ ಜಾಸ್ತಿ ಬೇಕು. ಅಲ್ಲಿಯವರೆಗೆ ನಮ್ಮ ಗಾಡಿ ನಾವೇ ನೋಡಿಕೊಳ್ಳಬೇಕು.

ಗ್ಯಾರೇಜಿಗೆ ಹೋದಾಗ ಆಫೀಸು ಅಂತ ಕೀ ಕೊಟ್ಟು ಓಡಬೇಡ. ಎದುರಿಗೆ ನಿಂತು ತೋರಿಸಿ ಅನ್ನು. ಚಕ್ರ ಮೇಲೆತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಲಿ. ಆರ್ಮಿನ ಕೆಳಗೆ ಲಿವರ್ ಹಾಕಿ ಮೀಟಲಿ. ಪ್ಲೇ ಇದ್ದರೆ ನಿನ್ನ ಕಣ್ಣಿಗೇ ಕಾಣುತ್ತದೆ. ಕೇಳಿದರೆ ಒಳ್ಳೆ ಮೆಕ್ಯಾನಿಕ್ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಶಾಕ್ ಯಾವತ್ತೂ ಜೋಡಿಯಲ್ಲೇ ಬದಲಿಸಬೇಕು. ಒಂದು ಹೊಸದು ಒಂದು ಹಳೆಯದು ಆದರೆ ಎರಡು ಕಡೆ ಎರಡು ಥರ ವಾಲುತ್ತದೆ. ಶಾಕಿನ ತಲೆ ಕೂರುವ ಮೇಲಿನ ಮೌಂಟು, ಅದರ ಬೇರಿಂಗು ಹೇಗಿದೆ ಅಂತಲೂ ಆಗಲೇ ನೋಡಿಸು. ಇಲ್ಲದಿದ್ದರೆ ಅದಕ್ಕೆ ಅಂತ ಇನ್ನೊಮ್ಮೆ ಎಲ್ಲ ಬಿಚ್ಚಬೇಕು.

ಇನ್ನೊಂದು ಮಾತು, ಇದನ್ನು ಎಷ್ಟೋ ಗ್ಯಾರೇಜುಗಳಲ್ಲಿ ಅವಸರಕ್ಕೆ ಬಿಡುತ್ತಾರೆ. ಲೋವರ್ ಆರ್ಮಿನ ಬುಷ್ ಬೋಲ್ಟನ್ನು ಕಾರು ಮೇಲೆ ತೂಗುತ್ತಿರುವಾಗ ಪೂರ್ತಿ ಬಿಗಿಯಬಾರದು. ಚಕ್ರದ ಮೇಲೆ ಕಾರಿನ ಭಾರ ಬಿದ್ದ ಮೇಲೆ ಕೊನೆಯ ಬಿಗಿ ಕೊಡಬೇಕು. ಮೊದಲೇ ಬಿಗಿದರೆ ಕಾರು ಕೆಳಗಿಳಿದಾಗ ರಬ್ಬರು ತಿರುಚಿಕೊಂಡೇ ಕೂರುತ್ತದೆ, ಹೊಸ ಬುಷ್ಷೂ ಬೇಗ ಸೀಳುತ್ತದೆ. ಆಮೇಲೆ ಪಾರ್ಟ್ ಸರಿ ಇಲ್ಲ ಅಂತ ಬೈಗುಳ ನಮ್ಮಂಥ ಅಂಗಡಿಯವರಿಗೆ. ಇಷ್ಟೆಲ್ಲ ಆದ ಮೇಲೆ ಕೊನೆಯಲ್ಲಿ ಅಲೈನ್‌ಮೆಂಟ್.

ಜೆ.ಸಿ. ರೋಡಿನಲ್ಲಿ ಅರ್ಧ ಬೆಲೆಗೆ ಸಿಗುತ್ತೆ ಅಂತ ಯಾರಾದರೂ ಹೇಳಿದರೆ, ಅದೇ ಬೀದಿಯಲ್ಲಿ ಒರಿಜಿನಲ್ಲೂ ಸಿಗುತ್ತದೆ, ಡ್ಯೂಪ್ಲಿಕೇಟೂ ಸಿಗುತ್ತದೆ ಅನ್ನೋದು ನೆನಪಿರಲಿ. ಬಿಲ್ ಇಲ್ಲದೆ ಕೊಡುವ ಬಾಲ್ ಜಾಯಿಂಟ್ ಮುಟ್ಟಲೇಬೇಡ. ಗುಜರಿಯಿಂದ ಬಂದು ಬಣ್ಣ ಬಳಿಸಿಕೊಂಡ ಶಾಕ್ ಬೇಡ. ಸ್ಪ್ರಿಂಗಿನ ಸಂದಿಗೆ ರಬ್ಬರ್ ಬಫರ್ ತುರುಕಿ "ಇದರಲ್ಲೇ ಸರಿಹೋಗುತ್ತೆ ಮೇಡಂ" ಅನ್ನುವವರೂ ಇದ್ದಾರೆ. ಅದರಿಂದ ಗಾಡಿ ಸ್ವಲ್ಪ ಎತ್ತರವಾಗುತ್ತದೆ, ಸ್ಪ್ರಿಂಗ್ ಗಡುಸಾಗುತ್ತದೆ. ಹೋದ ಶಾಕಿನ ಕೆಲಸ ಅದು ಮಾಡಲ್ಲ.

ಪೆಟ್ಟಿಗೆಯ ಮೇಲಿನ ಪಾರ್ಟ್ ನಂಬರ್ ಫೋಟೋ ತೆಗೆದು ಕಳಿಸು, ಬೆಲೆ ಸರಿಯೋ ಇಲ್ಲವೋ ನಾನು ಹೇಳ್ತೀನಿ. ದುಡ್ಡು ಈ ತಿಂಗಳು ಕಷ್ಟ ಅಂದರೆ ಸಂಕೋಚ ಬೇಡ, ಅರ್ಧ ನಾನು ಹಾಕ್ತೀನಿ. ಸೀಟ್ ಕವರು, ಮ್ಯೂಸಿಕ್ ಸಿಸ್ಟಮ್ಮು ಮುಂದಿನ ವರ್ಷ ನೋಡೋಣ. ಲೋವರ್ ಆರ್ಮ್ ಬದಲಿಸುವವರೆಗೆ ಗ್ಯಾರೇಜಿಗಲ್ಲದೆ ಬೇರೆಲ್ಲಿಗೂ ಕಾರು ತೆಗೆಯಬೇಡ, ಆಫೀಸಿಗೆ ಮೆಟ್ರೋದಲ್ಲಿ ಹೋಗು. ಶನಿವಾರದೊಳಗೆ ಕೆಲಸ ಮುಗಿಯದಿದ್ದರೆ ನೀವೆಲ್ಲ ಧರ್ಮಸ್ಥಳಕ್ಕೆ ಬಸ್ಸಿನಲ್ಲಿ ಹೋಗಿ. ಗೆಳತಿಯರಿಗೆ ಹೇಳೋಕೆ ಮುಜುಗರ ಆದರೆ ಅಮ್ಮ ಬೇಡ ಅಂದಳು ಅಂತ ನನ್ನ ಹೆಸರೇ ಹೇಳು.

ಮುಗಿದರೆ ಹೋಗುವಾಗ ಮನೆಗೆ ಬಂದು ಊಟ ಮಾಡಿಕೊಂಡು ಹೋಗಿ. ಬಿಚ್ಚಿದ ಹಳೇ ಆರ್ಮು, ಶಾಕು ಅಲ್ಲೇ ಬಿಟ್ಟು ಬರಬೇಡ, ಕೇಳಿ ಡಿಕ್ಕಿಗೆ ಹಾಕಿಸಿಕೊಂಡು ಬಾ. ನಾನು ನೋಡಬೇಕು.

ನಿನ್ನ
ಅಮ್ಮ