ಉನ್ನತ ಶಿಕ್ಷಣ ಸಚಿವರಿಗೆ ಮೌಲ್ಯಮಾಪನ ವಿಭಾಗದಿಂದ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ರಾಜ್ಯದ ಒಂದು ವಿಶ್ವವಿದ್ಯಾಲಯದ ಮೌಲ್ಯಮಾಪನ ವಿಭಾಗದಲ್ಲಿ ನಾನು ಅಧೀಕ್ಷಕ. ಸಂಬಳ, ಪಿಂಚಣಿಯ ಅಹವಾಲುಗಳು ತಮಗೆ ಬೇಕಾದಷ್ಟು ತಲುಪಿರುತ್ತವೆ. ನಾನು ಬರೆಯುತ್ತಿರುವುದು ಕಚೇರಿಯೊಳಗಿನ ಜಗಳದ ಬಗ್ಗೆ.

ಕಳೆದ ವರ್ಷ ನಮ್ಮಲ್ಲಿ ಅಂಕಪಟ್ಟಿಯೊಂದು ತಪ್ಪಾಗಿ ಮುದ್ರಣವಾಯಿತು. ತಿದ್ದುಪಡಿಯನ್ನು ಪ್ರಥಮ ದರ್ಜೆ ಸಹಾಯಕರು ಬಾಯಿಮಾತಿನಲ್ಲಿ ಹೇಳಿದ್ದರು; ಹೊರಗುತ್ತಿಗೆಯ ಹುಡುಗಿ ಕೇಳಿಸಿಕೊಂಡಷ್ಟನ್ನು ಟೈಪ್ ಮಾಡಿದ್ದಳು. ವಿದ್ಯಾರ್ಥಿಯ ತಂದೆ ಕಿಟಕಿಯ ಹೊರಗೆ ಕೂಗಾಡಿದರು, ಒಳಗೆ ಇವರಿಬ್ಬರು. ಕೂರಿಸಿ ಮಾತನಾಡಿಸಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಆದರೆ ಸಹಾಯಕರಿಗೆ ಕಾರಣ ಕೇಳುವ ನೋಟಿಸ್ ಹೋಯಿತು, ಏಜೆನ್ಸಿಗೆ ಒಂದು ಫೋನ್ ಹೋಯಿತು. ಮರುದಿನದಿಂದ ಹುಡುಗಿ ಬರಲಿಲ್ಲ. ಅದಕ್ಕೆಲ್ಲ ಕಾರಣವಾದ ಟಿಪ್ಪಣಿಗೆ ಸಹಿ ಹಾಕಿದವನು ನಾನೇ.

ಜಗಳದ ಬೇರು ಅವರ ಸ್ವಭಾವದಲ್ಲಿರಲಿಲ್ಲ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಪಠ್ಯಕ್ರಮ ಬಂತು, ಪ್ರವೇಶದಿಂದ ಫಲಿತಾಂಶದವರೆಗಿನ ಕೆಲಸಕ್ಕೆ ಯುಯುಸಿಎಂಎಸ್ ಎಂಬ ತಂತ್ರಾಂಶ ಬಂತು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಅದರ ಸರಿತಪ್ಪು ದೊಡ್ಡವರಿಗೆ ಬಿಟ್ಟದ್ದು. ಹಳೆಯ ಪದ್ಧತಿಯಲ್ಲಿ ವಿಷಯ ಬಾಕಿ ಉಳಿಸಿಕೊಂಡವರು, ನೀತಿಯಡಿ ಸೇರಿದವರು, ಆಮೇಲಿನವರು, ಎಲ್ಲರೂ ಬರುವುದು ಮಾತ್ರ ಒಂದೇ ಕಿಟಕಿಗೆ. ಒಳಗೆ ನಿವೃತ್ತರ ಕುರ್ಚಿಗಳು ಖಾಲಿ. ಮೂವರ ಕಡತಗಳು ಒಬ್ಬರ ಮೇಜಿಗೆ ಬಿದ್ದಾಗಲೂ ಪಕ್ಕದವರ ಮೇಲೆ ಸಿಡುಕದವರು ಸಂತರೇ ಇರಬೇಕು.

ನಮಗೆ ಬದ್ಧತೆಯಿಲ್ಲ ಎಂಬ ಮಾತನ್ನು ಸಭೆಗಳಲ್ಲಿ ಕೇಳಿ ಕೇಳಿ ಸಾಕಾಗಿದೆ. ಹಿಂದೆ ನಮಗೊಬ್ಬ ಅಧಿಕಾರಿಯಿದ್ದರು. ಫಲಿತಾಂಶದ ದಿನಗಳಲ್ಲಿ ರಾತ್ರಿ ಎಂಟಕ್ಕೆ ವಿಭಾಗಕ್ಕೆ ಬಂದು, ಯಾರ ಊರಿನ ಕೊನೆಯ ಬಸ್ ಎಷ್ಟು ಹೊತ್ತಿಗೆ ಎಂದು ವಿಚಾರಿಸುತ್ತಿದ್ದರು. ಒಮ್ಮೆ ದೊಡ್ಡ ಎಡವಟ್ಟಾದಾಗ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಮುಂದೆ ‘ನನ್ನ ವಿಭಾಗದ ತಪ್ಪು’ ಎಂದರೇ ಹೊರತು ಯಾರ ಹೆಸರನ್ನೂ ಎತ್ತಲಿಲ್ಲ. ಆ ವರ್ಷ ಭಾನುವಾರ ಬನ್ನಿ ಎಂದು ಆದೇಶ ಹೊರಡಿಸುವ ಅಗತ್ಯವೇ ಬೀಳಲಿಲ್ಲ. ಬಯೋಮೆಟ್ರಿಕ್ ಯಂತ್ರ ಆಗ ಇನ್ನೂ ಬಂದಿರಲಿಲ್ಲ.

ವಿದ್ಯಾರ್ಥಿಗಳ ಕುಂದುಕೊರತೆಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2023ರ ನಿಯಮಾವಳಿಯಿದೆ; ಸಮಿತಿ, ಅದರ ಮೇಲೆ ಮೇಲ್ಮನವಿ ಕೇಳಲು ಒಬ್ಬ ಒಂಬುಡ್ಸ್‌ಪರ್ಸನ್. ಲೈಂಗಿಕ ಕಿರುಕುಳದ ದೂರಿಗೆ 2013ರ ಕಾಯ್ದೆಯ ಆಂತರಿಕ ಸಮಿತಿಯಿದೆ; ಸಂಬಳ ಏಜೆನ್ಸಿಯಿಂದ ಬರುತ್ತದೆಂದು ಅದು ಯಾರನ್ನೂ ಹೊರಗಿಡುವುದಿಲ್ಲ. ದಿನನಿತ್ಯದ ಕಚೇರಿ ಜಗಳಕ್ಕೆ ನಾನು ಕಂಡ ಮದ್ದು ಎರಡೇ: ನೋಟಿಸ್, ಇಲ್ಲವೇ ವರ್ಗಾವಣೆ.

ತಾವು ರಾಜ್ಯದ ವಿಶ್ವವಿದ್ಯಾಲಯಗಳ ಸಮಕುಲಾಧಿಪತಿಗಳೂ ಹೌದು. ವಿದ್ಯಾರ್ಥಿಗಳಿಗಿರುವಂಥ ಕುಂದುಕೊರತೆ ಸಮಿತಿಯೊಂದನ್ನು ಬೋಧಕೇತರ ನೌಕರರಿಗೂ ರಚಿಸುವಂತೆ ಸೂಚಿಸಿ. ಅದರಲ್ಲಿ ಹೊರಗುತ್ತಿಗೆಯವರ ಪ್ರತಿನಿಧಿಯೂ ಇರಲಿ. ನೋಟಿಸ್ ಹೊರಡುವ ಮುನ್ನ, ಏಜೆನ್ಸಿಗೆ ಫೋನ್ ಹೋಗುವ ಮುನ್ನ, ಎರಡೂ ಕಡೆಯವರನ್ನು ಎದುರುಬದುರು ಕೂರಿಸಿ ಕೇಳುವುದು ಕಡ್ಡಾಯವಾಗಲಿ. ಆರ್ಥಿಕ ಇಲಾಖೆ ಹೆದರಬೇಕಿಲ್ಲ. ಒಂದು ಕೋಣೆ, ನಾಲ್ಕು ಕುರ್ಚಿ ಸಾಕು.

ಆ ಹುಡುಗಿಯ ಜಾಗಕ್ಕೆ ಏಜೆನ್ಸಿ ಹೊಸಬನೊಬ್ಬನನ್ನು ಕಳಿಸಿದೆ. ಪ್ರತಿ ತಿದ್ದುಪಡಿಗೂ ಆತ ಲಿಖಿತ ಆದೇಶ ಕೇಳುತ್ತಾನೆ, ಸಹಾಯಕರು ನನ್ನ ಸಹಿ ಕೇಳುತ್ತಾರೆ, ನಾನು ಮೇಲಿನವರ ಸಹಿ ಕೇಳುತ್ತೇನೆ. ಎರಡು ದಿನದಲ್ಲಿ ಸಿಗುತ್ತಿದ್ದ ಅಂಕಪಟ್ಟಿಗೆ ಈಗ ಎರಡು ವಾರ ಬೇಕು.

ಇಂತಿ,
ಒಬ್ಬ ಅಧೀಕ್ಷಕ