ತೊಗರಿ ಕಣಜದಲ್ಲಿ ಪಹಣಿ ಇಲ್ಲದವರ ಪಾಲು

ಕಲಬುರಗಿ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಮಾನ್ಯರೇ, ನಮಸ್ಕಾರ.

ನಮ್ಮ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಾಗ ಊರಿಗೇ ಹಬ್ಬವಾದಷ್ಟು ಖುಷಿಪಟ್ಟವರು ನಾವು. ಈ ಕರಿ ಮಣ್ಣಿನ ಬೇಳೆಯ ರುಚಿಯೇ ಬೇರೆ. ಜಿಲ್ಲೆ ಬೆಳೆಯಬೇಕಾದರೆ ತೊಗರಿಯಿಂದಲೇ ಬೆಳೆಯಬೇಕು ಎಂಬ ನಿಮ್ಮ ಮಾತನ್ನೂ ಒಪ್ಪುತ್ತೇನೆ. ಆದರೆ ಅದನ್ನು ಬೆಳೆಯುವವರೆಲ್ಲ ನಿಮ್ಮ ಲೆಕ್ಕದಲ್ಲಿಲ್ಲ.

ಆಳಂದ ತಾಲೂಕಿನ ನಮ್ಮೂರಲ್ಲಿ, ನಮ್ಮ ಓಣಿಯ ಅಕ್ಕ ಒಬ್ಬಳು ನಾಲ್ಕು ಎಕರೆ ಲಾವಣಿಗೆ, ಅಂದರೆ ಗೇಣಿಗೆ, ಹಿಡಿದಿದ್ದಾಳೆ. ಬೀಜ, ಔಷಧಿ, ಕಳೆ ಕೂಲಿ ಎಲ್ಲವೂ ಕೈಗಡ. ಎಳ್ಳ ಅಮಾವಾಸ್ಯೆ ಕಳೆದ ಮೇಲೆ ರಾಶಿ ಮಾಡಿದಳು, ಹದಿನಾಲ್ಕು ಚೀಲ ಆಯಿತು. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ ಇತ್ತು. ಖರೀದಿ ಕೇಂದ್ರದಲ್ಲಿ ಫ್ರೂಟ್ಸ್ ಐಡಿ, ಅಂದರೆ ಪಹಣಿಗೆ ಜೋಡಿಸಿದ ರೈತರ ನೋಂದಣಿ ಸಂಖ್ಯೆ, ಕೇಳಿದರು. ಪಹಣಿ ಇರುವುದು ಹೊಲದ ಮಾಲೀಕರ ಹೆಸರಲ್ಲಿ, ಅವರಿರುವುದು ಪುಣೆಯಲ್ಲಿ. ಚೀಲಗಳನ್ನು ಅದೇ ಟಂಟಂನಲ್ಲಿ ಅಡತಿ ಅಂಗಡಿಗೆ ಒಯ್ದು, ಅವರು ಹೇಳಿದ ದರಕ್ಕೆ ಹಾಕಿ ಬಂದಳು. ನೆಟೆ ರೋಗದಿಂದ ಗಿಡಗಳು ನಿಂತಲ್ಲೇ ಒಣಗಿದ ವರ್ಷವೂ ಪರಿಹಾರ ಮಾಲೀಕರ ಖಾತೆಗೇ ಬಿತ್ತು.

ಇದಕ್ಕೆ ಮೂಲ ಹಳೆಯದು. 1974ರ ಭೂಸುಧಾರಣೆ ತಿದ್ದುಪಡಿ ಎಷ್ಟೋ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು, ಆ ಋಣ ದೊಡ್ಡದು. ಗೇಣಿಯನ್ನೂ ಅದೇ ನಿಷೇಧಿಸಿತು. ಲಾವಣಿ ಮಾತ್ರ ನಿಲ್ಲಲಿಲ್ಲ, ಕಾಗದ ಬಿಟ್ಟು ಬಾಯಿಮಾತಿಗೆ ಇಳಿಯಿತು. ಹೀಗಾಗಿ ಬೆವರು ಸುರಿಸಿದವರ ಕೈಯಲ್ಲಿ ತೋರಿಸಲು ಒಂದು ಚೀಟಿಯೂ ಇಲ್ಲ.

ಆಂಧ್ರಪ್ರದೇಶ 2019ರಲ್ಲಿ ಕಾಯ್ದೆ ತಂದು, ಸಾಗುವಳಿ ಮಾಡುವವರಿಗೆ 11 ತಿಂಗಳ ಕಾರ್ಡ್ ಕೊಟ್ಟಿತು. ಅದರಿಂದ ಜಮೀನಿನ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲ, ಬೆಳೆಯ ಮೇಲೆ ಮಾತ್ರ. ಮಾಲೀಕರ ಸಹಿ ಬೇಕೆಂಬುದು ಅಲ್ಲಿ ತೊಡಕಾಯಿತು. ನಮ್ಮಲ್ಲಿ ಗ್ರಾಮಸಭೆಯೇ ಗುರುತಿಸಲಿ. ಯಾರ ಹೊಲ ಯಾರು ಬಿತ್ತಿದ್ದಾರೆಂದು ಊರಿಗೆ ಗೊತ್ತಿರುತ್ತದೆ.

ಇನ್ನೊಂದು ಮಾತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಹೋಬಳಿಗೊಂದು ಸಣ್ಣ ದಾಲ್ ಮಿಲ್ಲನ್ನು ಸ್ತ್ರೀಶಕ್ತಿ ಗುಂಪುಗಳಿಗೆ ಕೊಡಿ. ಬೇಳೆ ಒಡೆದ ಲಾಭವೂ, ದನಕ್ಕೆ ಹಾಕುವ ಹೊಟ್ಟು ನುಚ್ಚೂ ಊರಲ್ಲೇ ಉಳಿಯುತ್ತವೆ.

ಬೆಂಬಲ ಬೆಲೆಯ ನೋಂದಣಿ ಶುರುವಾಗುವ ಮುಂಚೆ ಲಾವಣಿದಾರರನ್ನೂ ಕೂರಿಸಿಕೊಂಡು ಒಂದು ಸಭೆ ಕರೆಯಿರಿ. ಅಕ್ಕ ಈ ವರ್ಷವೂ ಅದೇ ನಾಲ್ಕು ಎಕರೆಗೆ ಮುಂಗಡ ಕೊಟ್ಟಿದ್ದಾಳೆ.

ಇತಿ,
ಆಳಂದ ತಾಲೂಕಿನ ಒಬ್ಬ ತೊಗರಿ ಬೆಳೆಗಾರ